ಎಲ್ಲರೂ ನಂದು ಅಂದ ಬಳ್ಳಿ

ಬಸಳೆಯ ದಂಟನ್ನು ಉಗುರಿನಿಂದ ಚಿವುಟಿದರೆ ಒಂದು ವಾಸನೆ ಬರುತ್ತದೆ. ಮಲ್ಲಿಗೆಯ ಹಾಗೆ ತಾನಾಗಿ ಬಂದು ಮೂಗನ್ನು ಹುಡುಕುವ ವಾಸನೆಯಲ್ಲ ಅದು. ಬೆರಳನ್ನು ಮೂಗಿನ ಹತ್ತಿರ ಒಯ್ದು ಸ್ವಲ್ಪ ಹೊತ್ತು ಕಾಯಬೇಕು. ಆಗ ನೆನೆದ ಕರಿಮಣ್ಣು, ಬಾವಿಯ ಕಲ್ಲಿನ ಪಾಚಿ, ಹಸಿ ಎಲೆ ಮೂರೂ ಬೆರೆತ ಒಂದು ತಂಪು ಒಳಗೆ ಇಳಿಯುತ್ತದೆ. ಕಲಬುರಗಿಯ ಈ ಮನೆಗಳ ಗುಂಪಿನಲ್ಲಿ ನಾನು ಮಗಳ ಜೊತೆ ಇದ್ದೇನೆ. ಹಿಂದಿನ ಖಾಲಿ ಜಾಗದಲ್ಲಿ ಇಲ್ಲಿನ ಹುಡುಗ ಹುಡುಗಿಯರು ಸೇರಿ ಕಲ್ಲು, ಪ್ಲಾಸ್ಟಿಕ್ಕು ಆರಿಸಿ ತೆಗೆದು, ಎಲ್ಲ ಮನೆಯವರಿಗೂ ಅಂತ ಒಂದು ಕಾಯಿಪಲ್ಯದ ತೋಟ ಮಾಡಿದ್ದಾರೆ. ಔಷಧ ಹೊಡೆಯದ ತಾಜಾ ಪಲ್ಯ ನಾವೇ ಬೆಳೆದು ತಿನ್ನಬೇಕು ಅನ್ನುವುದು ಅವರ ಹಟ. ಒಳ್ಳೆಯ ಹಟ. ಸಂತೆಯಿಂದ ತಂದ ಬಸಳೆಯಲ್ಲಿ ಉಳಿದ ಒಂದು ದಂಟನ್ನು ನಾನೂ ಹೋಗಿ ಬೇಲಿಯ ಮೂಲೆಯಲ್ಲಿ ಚುಚ್ಚಿ ಬಂದಿದ್ದೆ. ನಿನ್ನೆ ನೋಡಿದರೆ ಬೇಲಿಯನ್ನೆಲ್ಲ ಹಿಡಿದುಬಿಟ್ಟಿದೆ. ಅದೇ ಹೊತ್ತಿಗೆ ಪಕ್ಕದ ಮನೆಯ ಮೇಘಾ ಸಣ್ಣ ಹಲಗೆಗಳನ್ನೂ ಬಣ್ಣವನ್ನೂ ಹಿಡಿದುಕೊಂಡು ಬಂದಳು. ಒಂದೊಂದು ಮಡಿಗೂ ಒಂದೊಂದು ಹೆಸರು, ಕೆಳಗೆ ಮನೆ ನಂಬರು. "ಈ ಬಳ್ಳಿ ಯಾರದು ಅಜ್ಜಿ? ಯಾರ ಹೆಸರು ಬರೀಲಿ?" ಅಂದಳು. ಎಷ್ಟು ಸರಳ ಪ್ರಶ್ನೆ ನೋಡಿ. ನಾನು ಬೆರಳು ಮೂಸುತ್ತಾ ನಿಂತೆ. "ನಾಳೆ ಹೇಳ್ತೀನಿ" ಅಂದೆ.

ಇದೇ ಪ್ರಶ್ನೆಯನ್ನು ನಾನು ಮೇಘಾಳಿಗಿಂತ ಬಹಳ ಚಿಕ್ಕವಳಿದ್ದಾಗ ಇಡೀ ಊರಿಗೆ ಕೇಳುತ್ತಾ ತಿರುಗಿದ್ದೆ. ನಮ್ಮೂರು ಆಳಂದದಿಂದ ಕಡಗಂಚಿಯ ಕಡೆಗೆ ಬರುವ ದಾರಿಯಿಂದ ಸ್ವಲ್ಪ ಒಳಗೆ. ಮಣ್ಣಿನ ಮಾಳಿಗೆಯ ಮನೆಗಳು, ಊರ ನಡುವೆ ಒಂದು ವಾಡೆ, ಜಮೀನ್ದಾರರ ಕೋಟೆಯಂಥ ಮನೆ. ವಾಡೆಯವರು ಆ ಗದ್ದಲದ ವರ್ಷ ಜೀವಕ್ಕೆ ಹೆದರಿ ಸೋಲಾಪುರಕ್ಕೆ ಹೋಗಿದ್ದರು. ದೊಡ್ಡ ಕದದ ಕೀಲಿಕೈಯನ್ನು ನಮ್ಮ ದೊಡ್ಡ ಮುತ್ಯಾನ ಕೈಗೆ, ಅಂದರೆ ನನ್ನ ಅಜ್ಜನ ಅಣ್ಣನ ಕೈಗೆ, ಕೊಟ್ಟಿದ್ದರು. ಬೇರೆ ಕಡೆ ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತಂತೆ. ನಾವಿನ್ನೂ ನಿಜಾಮರ ರಾಜ್ಯದಲ್ಲಿದ್ದೆವು. ನಮಗೆ ಬಂದದ್ದು ನಿಜಾಮರ ಕಡೆಯ ಬಂದೂಕಿನವರ ಹಾವಳಿ. ಹಗಲಲ್ಲೇ ದಾರಿ ಕಡಿದವು, ಆಳಂದದ ಸಂತೆ ನಿಂತಿತು, ಹೊಲಕ್ಕೆ ಹೆಂಗಸರು ಹೋಗುವುದು ನಿಂತಿತು. ಹೊಲಕ್ಕೆ ಹೋಗದಿದ್ದರೆ ಪಲ್ಯ ಎಲ್ಲಿಂದ ಬರಬೇಕು? ನಮ್ಮ ಕಡೆ ಪುಂಡಿ, ಹತ್ತರಕಿ, ಚವಳಿ ಎಲ್ಲ ಜೋಳದ ಸಾಲಿನ ನಡುವೆಯೇ ಬೆಳೆಯುವವು. ಜೋಳ ನೆಲದೊಳಗಿನ ಹಗೇವಿನಲ್ಲಿತ್ತು, ಅದಕ್ಕೆ ಬರವಿರಲಿಲ್ಲ. ಮುಂಜಾನೆ ರೊಟ್ಟಿ, ಒಣಖಾರದ ಹಿಂಡಿ, ಸಂಜೆ ರೊಟ್ಟಿ ಹಿಂಡಿ. ಹೊಟ್ಟೆ ತುಂಬುತ್ತಿತ್ತು, ಆದರೆ ಹುಡುಗರ ಬಾಯಂಚು ಒಡೆದು ಹುಣ್ಣಾಗುತ್ತಿದ್ದವು. ಖಾರ ತಗುಲಿದರೆ ಕಣ್ಣೀರು.

ಎಲ್ಲಕ್ಕಿಂತ ಕೆಟ್ಟದ್ದಾದದ್ದು ನನ್ನ ಚಿಗವ್ವನಿಗೆ. ಕಾಕಾನನ್ನು ಮದುವೆಯಾಗಿ ಕಿಣ್ಣಿ ಸುಲ್ತಾನದಿಂದ ಬಂದವಳು, ನಗುವುದಕ್ಕೆ ಕಾರಣವೇ ಬೇಡದವಳು. ಚೊಚ್ಚಲ ಬಸುರಿ. ನನಗೆ ತಲೆ ಬಾಚುತ್ತಾ ಕತೆ ಹೇಳುವವಳು ಅವಳೇ. ಒಂದು ಸಂಜೆ ದೀಪಕ್ಕೆ ಎಣ್ಣೆ ಹಾಕಲು ಹೋದವಳು ಗೂಡನ್ನೇ ತಪ್ಪಿ ಎಣ್ಣೆಯನ್ನು ಗೋಡೆಗೆ ಸುರಿದಳು. ಎಲ್ಲರೂ ನಕ್ಕೆವು, ಅವಳೂ ನಕ್ಕಳು. ಮರುದಿನ ಸಂಜೆ ಹೊಸ್ತಿಲು ಎಡವಿ ಬಿದ್ದಳು. ಆಗ ಯಾರೂ ನಗಲಿಲ್ಲ. ಹಗಲು ಎಲ್ಲ ಕಾಣುತ್ತಿತ್ತು. ಹೊತ್ತು ಮುಳುಗಿದರೆ ಅವಳ ಪಾಲಿಗೆ ಲೋಕವೇ ಮುಳುಗುತ್ತಿತ್ತು. ಕಾಕಾ ಜೀವ ಕೈಯಲ್ಲಿ ಹಿಡಿದು ಆಳಂದಕ್ಕೆ ಹೋಗಿ ಹಕೀಮರನ್ನು ಕೇಳಿಬಂದ. ದಿನಾ ಹಸಿರು ಪಲ್ಯ ತಿನ್ನಿಸಿರಿ, ಬೇರೆ ದವಾ ಬೇಕಿಲ್ಲ, ತಿನ್ನಿಸದಿದ್ದರೆ ಇರುಳು ಹೋದ ಕಣ್ಣು ಹಗಲೂ ಹೋಗಬಹುದು ಅಂದರಂತೆ. ಚಿಗವ್ವ ಒಲೆಯ ಮುಂದೆ ಕೂತು, "ಕೂಸಿನ ಮುಖಾನರ ಕಾಣ್ತದೋ ಇಲ್ಲೋ ಯವ್ವಾ" ಅಂದಳು.

ನಮ್ಮ ಆಯಿ, ಅಂದರೆ ನನ್ನ ತಂದೆಯ ತಾಯಿ, ಅಳುವವಳಲ್ಲ. ಜೇವರ್ಗಿ ಕಡೆಯ ಅಂದೋಲಾದಲ್ಲಿ ಹುಟ್ಟಿದವಳು; ದೊಡ್ಡ ದನಿ, ದೊಡ್ಡ ಹೆಜ್ಜೆ, ಕೊರಳಲ್ಲಿ ಲಿಂಗವಿಟ್ಟ ಬೆಳ್ಳಿಯ ಕರಡಿಗೆ. ಸೀದಾ ಹೋಗಿ ದೊಡ್ಡ ಮುತ್ಯಾನನ್ನು ವಾಡೆಯ ಕೀಲಿಕೈ ಕೇಳಿದಳು. ವಾಡೆಯ ಒಳಗೆ ಸುತ್ತ ಎತ್ತರದ ಗೋಡೆ, ನಡುವೆ ಸಿಹಿನೀರಿನ ಬಾವಿ, ಬಾವಿಯ ಸುತ್ತ ಕುದುರೆ ಕಟ್ಟುತ್ತಿದ್ದ ಅಂಗಳ. ಎಷ್ಟೋ ವರ್ಷದ ಲದ್ದಿ ಬಿದ್ದು ಕರಗಿದ ಮಣ್ಣು. ಊರ ಹೊರಗೆ ಹೋಗುವಂತಿಲ್ಲವೆಂದರೆ ಊರ ಒಳಗೇ ಬೆಳೆಯೋಣ ಅನ್ನುವುದು ಅವಳ ವಿಚಾರ. ಒಬ್ಬಳ ಮನೆಯಲ್ಲಿ ಅಷ್ಟು ಬೀಜವೂ ಇರಲಿಲ್ಲ, ಒಬ್ಬಳ ರಟ್ಟೆಯಿಂದ ಆಗುವ ಕೆಲಸವೂ ಅಲ್ಲ. ಹೀಗಾಗಿ ಓಣಿ ಓಣಿಗೆ ಹೋಗಿ ಕರೆದಳು. ಮಹಾನವಮಿ ಮುಗಿದ ಮೇಲೆ ಒಂದು ಮುಂಜಾನೆ ಊರಿನ ಹೆಂಗಸರು ಸೆರಗಿನ ತುದಿಯಲ್ಲಿ ಬೀಜ ಗಂಟು ಹಾಕಿಕೊಂಡು ವಾಡೆಗೆ ಬಂದರು. ಬೂದಿಯಲ್ಲಿ ಬೆರೆಸಿ, ಸೋರೆ ಬುರುಡೆಯಲ್ಲಿ ತುಂಬಿ, ಸೂರಿಗೆ ಕಟ್ಟಿಟ್ಟಿದ್ದ ಬೀಜಗಳು. ತುಳಜವ್ವ ಬಂದಳು, ಮರಾಠರ ಓಣಿಯವಳು, ಅವಳ ಬಾಯಿಗೆ ಬೀಗವೇ ಇರಲಿಲ್ಲ. ನಮ್ಮ ಮನೆಯ ಎದುರಿನ ಪಿಂಜಾರರ ಖಾಜಾಬಿ ಬಂದಳು. ಕೆಳಗಿನ ಕೇರಿಯ ಹೆಂಗಸರೂ ಬಂದರು, ಆದರೆ ಬಾವಿಯಿಂದ ದೂರ ನಿಂತರು.

ಬಂದ ಮೇಲೆ ಗುಸುಗುಸು ಶುರುವಾಯಿತು. ಯಾರ ಬೀಜದ್ದು ಯಾರು ತಿನ್ನಬೇಕು? ಇವರ ಮನೆಯ ಸೌತೆ ಅವರ ಒಲೆಗೆ ಆಗುತ್ತದೆಯೇ? ಆ ವರ್ಷ ಜನ ಒಬ್ಬರ ಮುಖ ಒಬ್ಬರು ನೋಡುವಾಗಲೂ ಒಂದು ಕ್ಷಣ ತಡೆದು ನೋಡುತ್ತಿದ್ದರು. ಆಯಿ ಒಂದು ದೊಡ್ಡ ಮೊರದಲ್ಲಿ ಬೂದಿ, ಮಣ್ಣು ತುಂಬಿ, ಮೇಲೆ ತನ್ನ ಹಳೆ ಇಳಕಲ್ಲ ಸೀರೆಯ ಸೆರಗು ಹೊಚ್ಚಿದಳು. ಒಬ್ಬೊಬ್ಬರೇ ಬಂದು ಸೆರಗಿನ ಕೆಳಗೆ ಮುಷ್ಟಿ ಒಯ್ದು ಬಿಚ್ಚಬೇಕು, ಏನು ಹಾಕಿದೆ ಅಂತ ಯಾರಿಗೂ ಹೇಳಕೂಡದು. ಇಷ್ಟೇ ಅವಳ ಕಾನೂನು. ಎಲ್ಲರ ಮುಷ್ಟಿಯೂ ಮುಗಿದ ಮೇಲೆ ಕೈಹಾಕಿ ಕಲಸಿ, ಅಂಗಳದ ತುಂಬ ಎರಚಿಬಿಟ್ಟಳು. "ಇನ್ನ ಯಾರ್ದು ಯಾರ್ದಂತ ಹುಡುಕ್ರಿ ನೋಡೂಣು" ಅಂದಳು. ನೀರಿಗೂ ಒಂದು ಪದ್ಧತಿ ಮಾಡಿದಳು. ಆ ಬಾವಿಗೆ ನೀರಿಗೆ ಬಂದವರು ಯಾರೇ ಆಗಲಿ ಮೊದಲ ಕೊಡ ತೋಟಕ್ಕೆ, ಎರಡನೆಯದು ಮನೆಗೆ. ಕೆಳಗಿನ ಕೇರಿಯವರು ಬಾವಿ ಮುಟ್ಟುವಂತಿರಲಿಲ್ಲ. ಅವರ ಪಾಲಿನ ನೀರನ್ನು ನಾವು ಹಾಕಿದೆವು. ಅದನ್ನು ನ್ಯಾಯ ಅಂತ ಇವತ್ತು ನಾನು ಹೇಳಲಾರೆ, ಆಯಿಯ ಕಾನೂನು ಅಷ್ಟೇ ದೂರ ಹೋಯಿತು.

ಆದರೆ ಆಯಿ ಒಂದು ಮಾತು ಮರೆತಿದ್ದಳು. ಮೊಳಕೆ ಬಂದವು, ಜೊತೆಗೆ ಕಸವೂ ಬಂತು, ಕೀಳುವವರು ಯಾರು? ತುಳಜವ್ವ ಒಂದು ಸಸಿಗೆ ಕೈಹಾಕಿದರೆ ಇನ್ನೊಬ್ಬಳು, "ಏ ಬೇ, ಯಾರ ಮನೀದೋ ಏನೋ, ಬಿಡು" ಅನ್ನುವಳು. ಅವಳು ಕೈಹಾಕಿದರೆ ತುಳಜವ್ವ ತಡೆಯುವಳು. ಕಳೆ ಕೀಳದ ತೋಟವನ್ನು ನೀವು ನೋಡಿದ್ದೀರೋ ಇಲ್ಲವೋ, ನಾನು ನೋಡಿದ್ದೇನೆ. ಮೆಂತ್ಯದ ತಲೆಯ ಮೇಲೆ ಕಿರಕಸಾಲಿ, ಅದರ ಹೆಗಲ ಮೇಲೆ ರಾಜಗಿರಿ, ಅವೆಲ್ಲದರ ಮೇಲೆ ಸೌತೆಬಳ್ಳಿ. ಮರ್ಯಾದೆಯ ಸಲುವಾಗಿ ಬೆಳೆದ ಕಾಡು ಅದು. ಕಡೆಗೆ ಹೆಂಗಸರೆಲ್ಲ ಕೂತು ಒಂದು ತೀರ್ಮಾನಕ್ಕೆ ಬಂದರು. ಇದು ತಿನ್ನುವಂಥದ್ದಲ್ಲ ಅಂತ ಎಲ್ಲರೂ ಒಪ್ಪಿದರೆ ಮಾತ್ರ ಕೀಳುವುದು, ಗೊತ್ತಿಲ್ಲದ್ದನ್ನು ಬಿಡುವುದು. ಹೀಗೆ ಬಿಟ್ಟದ್ದರಲ್ಲಿ ಒಂದು, ಬಾವಿಕಟ್ಟೆಯ ಹಿಂದಿನ ಬಿರುಕಿನಲ್ಲಿ ತಲೆ ಎತ್ತಿದ ಒಂದು ಸಸಿ.

ಅದರ ದಂಟು ನೇರಳೆ ಬಣ್ಣ. ಎಲೆ ದಪ್ಪ, ಎಣ್ಣೆ ಹಚ್ಚಿದಂತೆ ಹೊಳಪು. ಚಳಿಗೆ ಮೊದಮೊದಲು ಮುದುಡಿಕೊಂಡಿದ್ದು, ಆಮೇಲೆ ಗೋಡೆ ಹಿಡಿದು ಏರತೊಡಗಿತು. ಯಾರಿಗೂ ಅದರ ಹೆಸರು ಗೊತ್ತಿರಲಿಲ್ಲ. ನನಗೋ ಊಟ ಸೇರದಾಯಿತು. ಹೆಸರಿಲ್ಲದ ಗಿಡವೂ ಇರುತ್ತದೆಯೇ? ಯಾರೋ ಒಬ್ಬರು ತಂದು ಹಾಕಿದ್ದಾರೆ, ಅವರಿಗೆ ಗೊತ್ತೇ ಇದೆ, ಮತ್ತೆ ಸುಮ್ಮನೆ ಯಾಕಿದ್ದಾರೆ? ಮನೆ ಮನೆಗೆ ಹೋಗಿ ಕೇಳಿದೆ. ತುಳಜವ್ವ, ಹಕ್ಕಿ ಹಾಕಿರಬೇಕು ಅಂದಳು. ಇನ್ನೊಬ್ಬಳು, ವಾಡೆಯ ಹಳೇ ದೊರೆಸಾನಿಯ ಕಾಲದ್ದಿರಬೇಕು ಅಂದಳು. ಖಾಜಾಬಿಯ ಮನೆಗೂ ಹೋದೆ. ಅವಳ ಗಂಡ ಹತ್ತಿ ಹಿಂಜುತ್ತಿದ್ದ. ಆ ಬಿಲ್ಲಿನ ಟಂಯ್ ಟಂಯ್ ಸಪ್ಪಳದಲ್ಲೇ ನಾನು ಬೆಳೆದದ್ದು. ಖಾಜಾಬಿಯ ತವರು ಹೈದರಾಬಾದಿನ ಕಡೆ. ಕೂದಲಿಗೆ ಅಂಟಿದ ಹತ್ತಿಯೆಳೆ ಬಿಡಿಸಿಕೊಳ್ಳುತ್ತಾ, "ಬೀಜಕ್ಕ ಹೆಸರ ಕೇಳಬಾರದಂತ ನಿಮ್ಮ ಆಯೀನ ಹೇಳ್ಯಾಳಲ್ಲ ಬೇಟಾ" ಅಂದಳು. ಕೈಗೆ ಒಂದು ಚೂರು ಬೆಲ್ಲ ಇಟ್ಟು ಕಳಿಸಿದಳು. ಕಡೆಗೆ ನಾನು ಕದ್ದು ಒಂದೆಲೆ ಕಿತ್ತು ಆಡಿಗೆ ತಿನ್ನಿಸಿದೆ. ಆಡು ಸಾಯಲಿಲ್ಲ, ಇನ್ನೂ ಬೇಕು ಅಂತ ಮೈಮೇಲೆ ಬಿತ್ತು. ಖುಷಿಯಿಂದ ಓಡಿಹೋಗಿ ಚಿಗವ್ವನಿಗೆ ಹೇಳಿದರೆ, "ಆಡು ಎಕ್ಕೀ ಎಲಿನೂ ತಿಂತದ, ಅದರ ಮಾತ ಕೇಳಿ ನಾ ತಿನ್ನಲೇನು?" ಅಂತ ನಕ್ಕಳು. ಅಂಥ ದಿನಗಳಲ್ಲೂ ಅವಳು ನಗುತ್ತಿದ್ದಳು.

ತೋಟದಿಂದ ಪಲ್ಯ ಬರತೊಡಗಿತ್ತು. ಆಯಿ ಅಂಗಳದಲ್ಲಿ ಕೂತು ಎಲ್ಲ ಮನೆಗೂ ಹಂಚುವಳು. ಬಸುರಿ ಬಾಣಂತಿಯರಿಗೆ ಮೊದಲು. ಹುಡುಗರ ಬಾಯಂಚು ಮಾಯ್ದವು. ಆದರೆ ಅಷ್ಟು ಮನೆಗಳ ಕೈಗೆ ಮೆಂತ್ಯ ಎಷ್ಟು ದಿನ ಬಂದೀತು? ರಾಜಗಿರಿ ಬಲಿತು ತೆನೆಯಾಯಿತು. ಪುಂಡಿಗೆ ಹುಳ ಬಿತ್ತು. ಎಳ್ಳ ಅಮಾವಾಸ್ಯೆ ಹತ್ತಿರ ಬರುವಷ್ಟರಲ್ಲಿ ಚಿಗವ್ವನ ತಾಟಿನಲ್ಲಿ ಮತ್ತೆ ಬರೀ ಹಿಂಡಿ ಕಾಣಿಸಿಕೊಂಡಿತು. ಅವಳ ಕಣ್ಣು ಇನ್ನೂ ಹೊತ್ತಿನ ಜೊತೆಗೇ ಮುಳುಗುತ್ತಿತ್ತು. ತೋಟದಲ್ಲಿ ಹಸಿರಾಗಿ, ಸೊಕ್ಕಿ ಬೆಳೆದು ನಿಂತದ್ದು ಅದೊಂದೇ, ಹೆಸರಿಲ್ಲದ ಬಳ್ಳಿ.

ಎಳ್ಳ ಅಮಾವಾಸ್ಯೆ ನಮ್ಮ ಸೀಮೆಯ ದೊಡ್ಡ ಹಬ್ಬ. ಬಂಡಿ ಕಟ್ಟಿ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆಯ ಅನ್ನದ ಚರಗ ಚೆಲ್ಲಿ, ಸಜ್ಜೆ ರೊಟ್ಟಿ ಭಜ್ಜಿ ಉಣ್ಣುವ ದಿನ. ಭಜ್ಜಿ ಅಂದರೆ ಬೇರೆ ಊರಿನವರು ಎಣ್ಣೆಯಲ್ಲಿ ಕರಿದದ್ದು ಅಂದುಕೊಳ್ಳುತ್ತಾರೆ. ನಮ್ಮ ಭಜ್ಜಿ, ಸಿಕ್ಕ ಸೊಪ್ಪು, ಕಾಳು, ಕಾಯಿ ಎಲ್ಲವನ್ನೂ ಒಂದೇ ಗಡಿಗೆಯಲ್ಲಿ ಕುದಿಸಿ ಹುಳಿ ಹಿಂಡಿದ್ದು. ಆ ವರ್ಷ ಹೊಲಕ್ಕೆ ಹೋಗುವ ಧೈರ್ಯ ಯಾರಿಗೂ ಇರಲಿಲ್ಲ. ವಾಡೆಯ ತೋಟದಲ್ಲೇ ಚರಗ ಚೆಲ್ಲೋಣ ಅಂತಾಯಿತು. ದೊಡ್ಡ ಮುತ್ಯಾ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಚರಗದ ಬುಟ್ಟಿ ಹಿಡಿದು ಬಂದ. ತೋಟದ ಸುತ್ತ ಚೆಲ್ಲುತ್ತಾ ಬಂದು ಬಾವಿಕಟ್ಟೆಯ ಹಿಂದೆ ನಿಂತುಬಿಟ್ಟ. ನೇರಳೆ ಬಳ್ಳಿ ಗೋಡೆಯ ಅರ್ಧಕ್ಕೆ ಏರಿತ್ತು. ಮುತ್ಯಾ ಕೆಟ್ಟವನಲ್ಲ, ಆದರೆ ಆ ವರ್ಷದ ಗಾಳಿ ಅವನಿಗೂ ತಾಗಿತ್ತು.

"ಇದೇನಿದು? ನಮ್ಮ ಸೀಮ್ಯಾಗ ನಾ ಕಂಡಿಲ್ಲ. ಯಾರ್ ಹಾಕ್ಯಾರ ಇದನ್ನ?" ಅಂದ.

ಅವನ ಕಣ್ಣು ಹೆಂಗಸರ ಮುಖ ಒಂದೊಂದನ್ನೇ ನೋಡುತ್ತಾ ಬಂತು. ಕೆಳಗಿನ ಕೇರಿಯವರ ಮೇಲೆ ಸ್ವಲ್ಪ ನಿಂತಿತು, ಖಾಜಾಬಿಯ ಮೇಲೆ ಇನ್ನೂ ಸ್ವಲ್ಪ ಹೆಚ್ಚು ನಿಂತಿತು. "ವಿಷ ಇದ್ರ? ಊರಿಗೆ ಊರ ಉಣ್ಣೋ ತೋಟ ಇದು. ಯಾರ್ದಂತ ಹೇಳ್ರಿ, ಇಲ್ಲಾಂದ್ರ ಬೇರ್ ಸಹಿತ ಕಿತ್ತ ಒಗಿತೇನಿ" ಅಂದ. ಯಾರದು ಅಂತ ಹೊರಬಿದ್ದರೆ ಮಾತು ಬಳ್ಳಿಗೆ ನಿಲ್ಲುತ್ತಿರಲಿಲ್ಲ. ಅದು ನನ್ನಂಥ ಹುಡುಗಿಗೂ ಗೊತ್ತಾಗುವಂತಿತ್ತು.

ಆಯಿ ರೊಟ್ಟಿಯ ಬುಟ್ಟಿ ಕೆಳಗಿಟ್ಟು ಎದ್ದು ನಿಂತಳು. "ನಂದು" ಅಂದಳು.

ಇಷ್ಟು ದಿನ ಮನೆಯಲ್ಲೇ ಇತ್ತೇ ಉತ್ತರ! ನಾನು ಬಾಯಿ ತೆಗೆಯುವಷ್ಟರಲ್ಲಿ ತುಳಜವ್ವ, "ಇಲ್ರಿ, ನಂದದು" ಅಂದಳು. ಆಮೇಲೆ ಹಿಂದಿನಿಂದ ಒಂದು ದನಿ, "ನಂದ್ರಿ." ಆ ಕಡೆಯಿಂದ ಇನ್ನೊಂದು, "ನಂದ್ರಿ ಯಪ್ಪಾ." ದೂರ ನಿಂತಿದ್ದ ಕೇರಿಯವರಿಂದ ಒಂದು, "ನಮ್ದೂ ಅದರಿ." ಆ ನಡುವೆ ಖಾಜಾಬಿಯೂ ಮೆಲ್ಲಗೆ, "ನಂದ್ರಿ" ಅಂದಳು. ತೋಟಕ್ಕೆ ಒಂದು ಬೀಜವನ್ನೂ ಹಾಕದಿದ್ದ ಚಿಗವ್ವ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ನಂದೂ ಹೌದ್ರಿ ಮಾವಾರ" ಅಂದಳು. ನಾನು ಒಬ್ಬೊಬ್ಬರ ಬಾಯಿ ನೋಡುತ್ತಾ ಸುತ್ತು ತಿರುಗಿದೆ. ಒಂದು ಬೀಜವನ್ನು ಇಷ್ಟು ಮಂದಿ ಹೇಗೆ ಹಾಕಿದರು? ಇವರೆಲ್ಲ ಸುಳ್ಳು ಹೇಳುತ್ತಿದ್ದಾರೆ ಅಂತ ತಿಳಿಯಿತು. ಆದರೆ ಈ ಸುಳ್ಳುಗಳ ನಡುವೆ ಒಂದು ನಿಜವೂ ಇರಲೇಬೇಕು, ಅದು ಯಾವುದು?

"ನಿಂದಾದ್ರ ನೀನ ತಿನ್ನು" ಅಂದ ಮುತ್ಯಾ, ಆಯಿಯನ್ನು ನೋಡಿ. ಆಯಿ ಒಂದು ಅಗಲ ಎಲೆ ಕಿತ್ತು ಬಾಯಿಗಿಟ್ಟುಕೊಂಡು ಜಗಿದಳು. ತುಳಜವ್ವ ಒಂದು ಕಿತ್ತಳು. ಒಬ್ಬೊಬ್ಬರೇ ಬಂದು ದೊಡ್ಡ ದೊಡ್ಡ ಎಲೆ ಹರಿದು ತಿಂದರು. ಖಾಜಾಬಿ ಮಾತ್ರ ಎಲೆಗೆ ಕೈಹಾಕಲಿಲ್ಲ. ಬಳ್ಳಿಯ ಎಳೆ ತುದಿಯನ್ನು ಹುಡುಕಿ, ಉಗುರಿನಿಂದ ಟಕ್ಕನೆ ಚಿವುಟಿ, ಅರ್ಧ ತಾನು ತಿಂದು ಅರ್ಧವನ್ನು ಚಿಗವ್ವನ ಕೈಗೆ ಕೊಟ್ಟಳು. ಮುತ್ಯಾ ಅಷ್ಟೂ ಬಾಯಿಗಳನ್ನು ನೋಡುತ್ತಾ ನಿಂತಿದ್ದು, ಕಡೆಗೆ ಬುಟ್ಟಿಯಲ್ಲಿ ಉಳಿದಿದ್ದ ಚರಗವನ್ನು ಆ ಬಳ್ಳಿಯ ಬುಡಕ್ಕೇ ಚೆಲ್ಲಿ ಹೊರಟುಹೋದ. ಆ ದಿನದ ಭಜ್ಜಿಯಲ್ಲಿ ಹೆಸರಿಲ್ಲದ ಸೊಪ್ಪೂ ಬಿತ್ತು. ಲೋಳೆ ಲೋಳೆಯಾಗಿತ್ತು. ನಾನು ಮೂಗು ಮುರಿದೆ, ಆದರೂ ಬಟ್ಟಲು ನೆಕ್ಕಿದೆ.

ಆಮೇಲೆ ಆ ಬಳ್ಳಿ ನಮ್ಮನ್ನು ಸಾಕಿತು ಅಂದರೆ ಸುಳ್ಳಲ್ಲ. ಚಿವುಟಿದಲ್ಲೆಲ್ಲ ಎರಡಾಗಿ ಚಿಗಿಯುತ್ತಿತ್ತು. ಚಿಗವ್ವನಿಗೆ ದಿನಾ ಒಂದು ಬಟ್ಟಲು. ಒಂದು ಸಂಜೆ ಕತ್ತಲು ಕವಿಯುತ್ತಿತ್ತು, ಇನ್ನೂ ದೀಪ ಹಚ್ಚಿರಲಿಲ್ಲ. ಅವಳು ಕಟ್ಟೆಯ ಮೇಲೆ ಕೂತಿದ್ದಳು. "ಆ ಮಾಳಗೀ ಮ್ಯಾಲ ಕುಂತದಲ್ಲ, ಆ ಬೆಕ್ಕ ಯಾರ್ದು?" ಅಂದಳು. ನಾನು ನೋಡಿದೆ. ಹೌದು, ಎದುರಿಗೆ ಪಿಂಜಾರರ ಮಾಳಿಗೆಯ ಮೇಲೆ ಒಂದು ಬೂದು ಬೆಕ್ಕು ಕೂತಿತ್ತು. ಬೆಕ್ಕು ಯಾರದೋ ಅಂತ ನಾನು ಯೋಚಿಸುತ್ತಿದ್ದರೆ ಆಯಿ ಒಳಗಿನಿಂದ ಓಡಿಬಂದು ಚಿಗವ್ವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತುಬಿಟ್ಟಳು. ಆಯಿ ಅತ್ತದ್ದನ್ನು ನಾನು ನೋಡಿದ್ದು ಆವತ್ತೇ. ಬೇಸಿಗೆಯಲ್ಲಿ ಚಿಗವ್ವನಿಗೆ ಹೆಣ್ಣು ಹುಟ್ಟಿತು. ಹುಟ್ಟಿದ್ದು ಮಬ್ಬುಹರಿಯುವ ಮೊದಲೇ. ಚಿಮಣಿ ದೀಪದ ಸಣ್ಣ ಬೆಳಕಲ್ಲೇ ಅವಳು ಮಗಳ ಮುಖ ನೋಡಿದಳು. ಖಾಜಾಬಿ ಹೊಸ ಹತ್ತಿ ಹಿಂಜಿಸಿ ಕೂಸಿಗೊಂದು ಪುಟ್ಟ ಗಾದಿ ಹೊಲಿದುಕೊಟ್ಟಳು. ಅಂಥ ಮೆತ್ತನೆಯದರ ಮೇಲೆ ನಮ್ಮ ಮನೆಯಲ್ಲಿ ಯಾರೂ ಮಲಗಿರಲಿಲ್ಲ.

ಆ ಮಳೆಗಾಲದ ಕೊನೆಗೆ ಮಿಲಿಟರಿ ಬಂತು, ನಿಜಾಮರ ರಾಜ್ಯ ಮುಗಿಯಿತು. ದಾರಿಗಳು ತೆರೆದವು, ಆಳಂದದ ಸಂತೆ ಕೂಡಿತು. ನಮ್ಮ ಹೆದರಿಕೆ ಮುಗಿದ ದಿನವೇ ಎದುರು ಮನೆಯ ಹೆದರಿಕೆ ಶುರುವಾಯಿತು ಅನ್ನುವುದು ನನಗೆ ಆಗ ತಿಳಿಯಲಿಲ್ಲ. ಸುತ್ತಲಿನ ಊರುಗಳಿಂದ ಬರುತ್ತಿದ್ದ ಸುದ್ದಿಗಳನ್ನು ಹಿರಿಯರು ನಮ್ಮ ಮುಂದೆ ಆಡುತ್ತಿರಲಿಲ್ಲ. ಒಂದು ಮುಂಜಾನೆ ಎದ್ದರೆ ಬಿಲ್ಲಿನ ಸಪ್ಪಳ ಇರಲಿಲ್ಲ. ಖಾಜಾಬಿಯ ಕದಕ್ಕೆ ಹೊರಗಿನಿಂದ ಸರಪಳಿ ಬಿದ್ದಿತ್ತು. ಹೈದರಾಬಾದಿಗೆ ಹೋದರು ಅಂದರು ಕೆಲವರು, ಅಫಜಲಪುರದ ಕಡೆ ಹೊಳೆ ದಾಟಿದರು ಅಂದರು ಇನ್ನು ಕೆಲವರು. ನನಗೆ ಸಿಟ್ಟು ಬಂತು. ಹೇಳದೆ ಹೋಗುವುದೆಂದರೇನು? ಹಿತ್ತಿಲ ಗೋಡೆ ಬಿದ್ದಲ್ಲಿ ತೂರಿ ಅವರ ಅಂಗಳಕ್ಕೆ ಇಳಿದೆ. ಹೊಲಿಯುತ್ತಿದ್ದ ಒಂದು ಗಾದಿ ಅರ್ಧಕ್ಕೇ ಬಿದ್ದಿತ್ತು, ಹತ್ತಿ ಗಾಳಿಗೆ ಹಾರುತ್ತಿತ್ತು. ಬಚ್ಚಲ ಹಿಂದಿನ ಮೂಲೆಯಲ್ಲಿ, ಯಾರ ಕಣ್ಣಿಗೂ ಬೀಳದಂತೆ, ಒಂದು ಒಡೆದ ಗಡಿಗೆ. ಅದರಿಂದ ಎದ್ದ ನೇರಳೆ ದಂಟಿನ ಬಳ್ಳಿ ಗೋಡೆ ತುಂಬ ಹಬ್ಬಿತ್ತು. ವಾಡೆಯ ಬಳ್ಳಿಗಿಂತ ಎಷ್ಟೋ ಹಳೆಯದು, ಬುಡ ನನ್ನ ಹೆಬ್ಬೆರಳಿಗಿಂತ ದಪ್ಪ. ಕರಿಯ ಹಣ್ಣು ತೊನೆಯುತ್ತಿದ್ದವು. ತುದಿಗಳನ್ನೆಲ್ಲ ಯಾರೋ ಉಗುರಿನಿಂದ ಚಿವುಟಿದ್ದರು.

ಓಡಿಹೋಗಿ ಆಯಿಗೆ ಹೇಳಿದೆ. ಗೆದ್ದವಳ ಹಾಗೆ ಹೇಳಿದೆ. ಒಂದು ವರ್ಷದಿಂದ ಹುಡುಕುತ್ತಿದ್ದ ಉತ್ತರ ಅಲ್ಲವೇ? ಅಷ್ಟು "ನಂದು"ಗಳ ನಡುವೆ ನಿಜ ನುಡಿದದ್ದು ಯಾರೆಂದು ಗೊತ್ತಾಗಿತ್ತು. ಇನ್ನು ಇಡೀ ಊರಿಗೆ ಹೇಳಿಬರುತ್ತೇನೆ ಅಂತ ಹೊರಟೆ. ಆಯಿ ನನ್ನ ರಟ್ಟೆ ಹಿಡಿದಳು. ಎದುರಿನ ಸರಪಳಿ ಹಾಕಿದ ಕದವನ್ನೇ ನೋಡುತ್ತಾ, "ಬ್ಯಾಡ. ಅಕಿ ಬಂದು ತಾನ ಹೇಳ್ಲಿ" ಅಂದಳು.

ಅವಳು ಬರಲಿಲ್ಲ. ಹೊಲಕ್ಕೆ ಹೋಗುವಂತಾದ ಮೇಲೆ ವಾಡೆಯ ತೋಟ ಯಾರಿಗೂ ಬೇಕಾಗಲಿಲ್ಲ. ವಾಡೆಯವರು ಬಂದು ಕೀಲಿಕೈ ಇಸಿದುಕೊಂಡರು. ಪಿಂಜಾರರ ಮನೆ ಎರಡು ಮಳೆಗೆ ಕುಸಿಯಿತು. ಆಯಿ ಬದುಕಿರುವವರೆಗೂ ಸಂಜೆ ಕಟ್ಟೆಗೆ ಬಂದು ಕೂತರೆ ಮೊದಲು ಎದುರಿಗೆ ನೋಡುತ್ತಿದ್ದಳು. ಆ ಬಳ್ಳಿಗೆ ಬಸಳೆ ಅಂತ ಹೆಸರೆಂದು ನನಗೆ ತಿಳಿದದ್ದು ಮದುವೆಯಾಗಿ ಬೇರೆ ಸೀಮೆ ಕಂಡ ಮೇಲೆ. ಆಯಿ ಹೋದಳು, ತುಳಜವ್ವ ಹೋದಳು, ಚಿಗವ್ವ ಮೊಮ್ಮಕ್ಕಳ ಮುಖವನ್ನೂ ಕಣ್ತುಂಬ ನೋಡಿ ಹೋದಳು. ಆ ಮಾತು ಬಲ್ಲವಳು ಈಗ ನಾನೊಬ್ಬಳೇ. ನಿಮ್ಮಲ್ಲೂ ಇಂಥದ್ದು ಇರಬಹುದು, ಯಾರೋ ಬಂದು ಹೇಳಲಿ ಅಂತ ಕಾದಿಟ್ಟ ಒಂದು ಮಾತು.

ಇವತ್ತು ಮುಂಜಾನೆ ಮೇಘಾ ಮತ್ತೆ ಹಲಗೆ ಹಿಡಿದು ಬಂದಳು. ಬೇಲಿಯ ತುಂಬ ಬಸಳೆ, ಮೇಲೆ ನಿನ್ನೆಯ ಮಳೆಹನಿ. "ಹೇಳಿ ಅಜ್ಜಿ, ಯಾರದು?" ಅಂದಳು. ನಂದು ಅನ್ನುವ ಮಾತು ಬಾಯಿಗೆ ಬಂತು. ತಡೆದುಕೊಂಡೆ. "ಖಾಜಾಬಿ ಅಂತ ಬರಿಯವ್ವ" ಅಂದೆ. ಅವಳು ನಾಲಿಗೆಯ ತುದಿ ಕಚ್ಚಿಕೊಂಡು ದುಂಡಗೆ ಬರೆದಳು. ಬರೆದು, ಹೆಸರಿನ ಕೆಳಗಿನ ಖಾಲಿ ಜಾಗದ ಮೇಲೆ ಕುಂಚ ಹಿಡಿದು ತಲೆ ಎತ್ತಿದಳು.

"ಇವರು ಯಾವ ಮನೆಯವರು ಅಜ್ಜಿ? ನಂಬರ್ ಎಷ್ಟು ಬರೀಲಿ?"

"ಅದು ಖಾಲಿನ ಇರ್ಲಿ" ಅಂದೆ. "ಅಕಿ ಬಂದು ತಾನ ಹೇಳ್ಲಿ."